ಇಪ್ಪತ್ತನೇ ಮೇನ್ ಪಡೆಯ ಜಾಡು: ಅಂತರ್ಯುದ್ಧದ ಸೈನಿಕರನ್ನು ಹುಡುಕಿಕೊಡುವ ಉಚಿತ ಡೇಟಾಬೇಸ್ ಹೇಗಿದೆ?

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಕಾದಿದ ಯಾವುದೇ ಸ್ವಯಂಸೇವಕ ಪಡೆಯ ಚರಿತ್ರೆ ಬೇಕಿದ್ದರೆ ಮೊದಲು ನೋಡಬೇಕಾದದ್ದು ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವೀಸ್‌ನ ‘ಸೋಲ್ಜರ್ಸ್ ಅಂಡ್ ಸೇಲರ್ಸ್’ ಡೇಟಾಬೇಸ್. ಶುಲ್ಕವಿಲ್ಲ. ಉತ್ತರದ ಒಕ್ಕೂಟ ಮತ್ತು ದಕ್ಷಿಣದ ಬಂಡಾಯ ರಾಜ್ಯಗಳು, ಎರಡೂ ಪಕ್ಷಗಳ 4,000ಕ್ಕೂ ಹೆಚ್ಚು ಪಡೆಗಳ ಕಿರುಪರಿಚಯ, 63 ಲಕ್ಷ ಸೈನಿಕರ ನಮೂದುಗಳು ಇದರಲ್ಲಿವೆ.

ಆ 63 ಲಕ್ಷವನ್ನು ತಲೆಯೆಣಿಕೆ ಎಂದುಕೊಳ್ಳಬೇಡಿ. ನಿಜಕ್ಕೂ ಹೋರಾಡಿದವರು ಸುಮಾರು 35 ಲಕ್ಷ. ಒಬ್ಬನ ಹೆಸರಿನ ಕಾಗುಣಿತ ಎರಡು ಬಗೆಯಲ್ಲಿದ್ದರೆ ಎರಡು ನಮೂದು. ರೆಜಿಮೆಂಟ್ (ಪಡೆ) ಬದಲಿಸಿದ್ದರೆ ಮತ್ತೊಂದು.

ಇದಕ್ಕೆ ಉತ್ತರದ ಪಕ್ಷದ ಮೇನ್ ರಾಜ್ಯದ 20ನೇ ಪಡೆಯೇ (20ನೇ ಮೇನ್) ಒಳ್ಳೆಯ ಉದಾಹರಣೆ. 1862ರ ಆಗಸ್ಟ್‌ನಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಕಟ್ಟಿದ ಈ ಪಡೆಗೆ ಮರುವರ್ಷದ ಮೇ ತಿಂಗಳಲ್ಲಿ 2ನೇ ಮೇನ್‌ನ ಸುಮಾರು 120 ಜನ ಬಂದು ಸೇರಿದರು. ಅವರು ಬಂದದ್ದು ಕಾದಲು ಒಪ್ಪದ ಕೈದಿಗಳಾಗಿ, ಕಾವಲಿನಲ್ಲಿ. ಜೊತೆಯವರು ಎರಡು ವರ್ಷದ ಕರಾರು ಮುಗಿಸಿ ಊರಿಗೆ ಹೋಗಿದ್ದರು, ಇವರು ಮಾತ್ರ ಮೂರು ವರ್ಷಕ್ಕೆ ಸಹಿ ಹಾಕಿ ಸಿಕ್ಕಿಬಿದ್ದಿದ್ದರು. ಕರ್ನಲ್ ಜೋಶುವಾ ಚೇಂಬರ್ಲೇನ್ ಅವರಿಗೆ ಊಟ ಹಾಕಿಸಿ, ಅಹವಾಲು ಕೇಳಿ, ಬೇರೆ ಬೇರೆ ಕಂಪನಿಗಳಿಗೆ (ರೆಜಿಮೆಂಟಿನ ಒಳತುಕಡಿಗಳಿಗೆ) ಹಂಚಿದರು. ಜುಲೈ 2ರಂದು ಗೆಟಿಸ್‌ಬರ್ಗ್ ಕಾಳಗದಲ್ಲಿ ಲಿಟಲ್ ರೌಂಡ್ ಟಾಪ್ ಎಂಬ ಗುಡ್ಡದ ಮೇಲೆ ಬಾವುಟ ಹಿಡಿದು ನಿಂತ ಆಂಡ್ರ್ಯೂ ಟೋಜಿಯರ್ ಆ ಗುಂಪಿನವನೇ. ಇಂಥವರನ್ನು ಎರಡೂ ರೆಜಿಮೆಂಟುಗಳಡಿ ಹುಡುಕಲೇಬೇಕು.

ಹುಡುಕುವಾಗ ಪಕ್ಷ, ರಾಜ್ಯ, ಪಡೆಯ ಸಂಖ್ಯೆ ಆರಿಸಿ, ಮನೆತನದ ಹೆಸರು ಮಾತ್ರ ಕೊಡಿ. ಈ ನಮೂದುಗಳ ಮೂಲವಾದ ಎಷ್ಟೋ ಕಾರ್ಡುಗಳಲ್ಲಿ ಮೊದಲ ಹೆಸರಿನ ಜಾಗದಲ್ಲಿ ಬರೀ ಇನಿಷಿಯಲ್ ಇರುವುದರಿಂದ ಪೂರ್ತಿ ಹೆಸರು ಕೊಟ್ಟರೆ ತಪ್ಪಿಹೋಗುತ್ತದೆ. ಕಂಪನಿ ಅಕ್ಷರ ಬರೆದಿಟ್ಟುಕೊಳ್ಳಿ. ಎ ಇಂದ ಕೆ ತನಕ ಹತ್ತು. ಜೆ ಕಂಪನಿ ಇರುವುದಿಲ್ಲ, ಕೈಬರಹದಲ್ಲಿ ಅದು ಐ ಜೊತೆ ಬೆರೆತುಹೋಗುತ್ತಿತ್ತು.

ಈ ಡೇಟಾಬೇಸ್‌ನ ದೊಡ್ಡ ಕೊರತೆ ರೆಜಿಮೆಂಟ್ ಪರಿಚಯಗಳದ್ದು. ಎಲ್ಲಿಗೆ ನಡೆದರು, ಯಾವ ಕಾಳಗ, ಎಷ್ಟು ಸಾವು, ಅಷ್ಟೇ. 20ನೇ ಮೇನ್‌ನವರು ಮದ್ದುಗುಂಡು ಮುಗಿದು ಬಯೊನೆಟ್ (ಬಂದೂಕಿನ ತುದಿಯ ಚೂರಿ) ಹಿಡಿದು ಇಳಿಜಾರಿಗೆ ನುಗ್ಗಿದ ದಿನವೂ ‘ಗೆಟಿಸ್‌ಬರ್ಗ್, ಜುಲೈ 1–3’ ಎಂಬ ಒಂದೇ ಸಾಲು. ಈ ಪಡೆ 1ರಂದು ಅಲ್ಲಿಗೆ ತಲುಪಿಯೇ ಇರಲಿಲ್ಲ!

ಗಾಯ, ವಯಸ್ಸು, ಗೈರುಹಾಜರಿ ಬೇಕಿದ್ದರೆ ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗಬೇಕು. ಹಾಜರಿ ಪಟ್ಟಿಗಳಿಂದ ಒಬ್ಬೊಬ್ಬರ ವಿವರ ಕಾರ್ಡಿಗಿಳಿಸಿದ ಸೇವಾ ದಾಖಲೆ ಸ್ವಯಂಸೇವಕರಿಗೆ ಇದೆ, ಕಾಯಂ ಸೈನ್ಯದವರಿಗಿಲ್ಲ. ಸೇವಾ ದಾಖಲೆಗೆ ಫಾರಂ 86, ಪಿಂಚಣಿ ಕಡತಕ್ಕೆ ಫಾರಂ 85. ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ಪಿಂಚಣಿ ಕಡತವನ್ನೇ ತರಿಸಿ: ಮದುವೆಯ ಪುರಾವೆ, ವೈದ್ಯರ ಪರೀಕ್ಷೆ, ಜೊತೆಗಾರರ ಪ್ರಮಾಣಪತ್ರಗಳು ಸಿಗುವುದು ಅದರಲ್ಲೇ. ಆದರೆ ಆ ಗುಡ್ಡದಲ್ಲಿ ಇವರಿಗೆದುರಾಗಿದ್ದ ದಕ್ಷಿಣದ ಪಡೆ 15ನೇ ಅಲಬಾಮದವರ ಪಿಂಚಣಿಯನ್ನು ಅಲ್ಲಿ ಹುಡುಕಬೇಡಿ. ಅದನ್ನು ಕೊಟ್ಟದ್ದು ದಕ್ಷಿಣದ ರಾಜ್ಯಗಳು, ಕಾಗದಗಳೂ ಆಯಾ ರಾಜ್ಯದಲ್ಲೇ ಇವೆ.