ಪ್ರೆಸ್ ದೊಡ್ಡದು ಮಾಡುವ ಮೊದಲು ಡ್ರೈಯರ್ ಅಳೆಯಿರಿ

ಒಂದೇ ಪ್ಯಾಲೆಟ್ಟಿನ (ಶರ್ಟ್ ಹಾಸುವ ಹಲಗೆ) ಕೈಪ್ರೆಸ್‌ನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಲ್ಲಿ ಟೀ ಶರ್ಟ್ ಮುದ್ರಿಸುತ್ತಾ, ದೊಡ್ಡ ಆರ್ಡರ್ ಬಂದ ಧೈರ್ಯದಲ್ಲಿ ನಾಲ್ಕು ಪ್ಯಾಲೆಟ್ಟಿನ ಪ್ರೆಸ್ ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ಕೊಳ್ಳಲೇಬೇಡಿ ಎನ್ನುತ್ತಿಲ್ಲ. ಆದರೆ ಅದೇ ಆತುರದಲ್ಲಿ ನಾನು ಮುದ್ರಿಸಿ ಕೊಟ್ಟ 900 ಶರ್ಟುಗಳ ಅಕ್ಷರ ಎರಡನೆಯ ಒಗೆತಕ್ಕೇ ಬಿರುಕು ಬಿಟ್ಟಿತು. ಆ ಸಂಕಟ ಇನ್ನೊಬ್ಬರಿಗೆ ಬೇಡ.

ಆರ್ಡರ್ ಇದ್ದದ್ದು 1200 ಶರ್ಟುಗಳಿಗೆ. 600 ಕೆಲಸಗಾರರು, ತಲೆಗೆರಡು ಸಮವಸ್ತ್ರ. ಕಡುನೀಲಿ ಹತ್ತಿ ಬಟ್ಟೆ, ಎದೆಯ ಮೇಲೆ ಮೊದಲು ಬಿಳಿಯ ತಳಪದರ, ಅದರ ಮೇಲೆ ಹಳದಿ ಮತ್ತು ಕೆಂಪು. ನನ್ನ ಹಳೆಯ ಪ್ರೆಸ್‌ನಲ್ಲಿ ಶರ್ಟ್ ಏರಿಸಿ, ಬಿಳಿ ಎಳೆದು, ಫ್ಲ್ಯಾಶ್ (ಪದರವನ್ನು ಅರೆ ಒಣಗಿಸುವ ಹೀಟರ್) ಕೆಳಗೆ ಆರುವವರೆಗೆ ಕಾದು, ಉಳಿದ ಎರಡು ಬಣ್ಣ ಎಳೆದು ಇಳಿಸುವಷ್ಟರಲ್ಲಿ ಗಂಟೆಗೆ 35 ಶರ್ಟ್ ಮುಗಿದರೆ ದೊಡ್ಡದು. ಒಟ್ಟು 34 ಗಂಟೆಗಳ ಕೆಲಸ. ಖಾಲಿ ಶರ್ಟುಗಳು ಕೈಸೇರಿದ ನಾಲ್ಕೇ ದಿನಕ್ಕೆ ಮಾಲು ಕೊಡಬೇಕಿತ್ತು, ನಡುವೆ ಬೇರೆ ಗಿರಾಕಿಗಳ ಕೆಲಸವೂ ಇತ್ತು. ಇಂಥ ಆರ್ಡರ್ ಮುಂದೆಯೂ ಬರುತ್ತದೆ ಎಂದು ಗಿರಾಕಿ ಹೇಳಿದ್ದರಿಂದ ಆರು ಬಣ್ಣ, ನಾಲ್ಕು ಪ್ಯಾಲೆಟ್ಟಿನ ಬಳಸಿದ ಪ್ರೆಸ್ ಒಂದನ್ನು ಮೊದಲೇ ತಂದಿಟ್ಟುಕೊಂಡೆ.

ಹೊಸ ಪ್ರೆಸ್‌ನಲ್ಲಿ ವೇಗ ಬಂದದ್ದು ನಿಜ. ಒಂದು ಶರ್ಟ್ ಫ್ಲ್ಯಾಶ್ ಕೆಳಗಿರುವಾಗ ಇನ್ನೊಂದಕ್ಕೆ ಬಣ್ಣ ಎಳೆಯಬಹುದು, ಮತ್ತೊಂದನ್ನು ಏರಿಸಬಹುದು. ಇಬ್ಬರು ನಿಂತರೆ ಗಂಟೆಗೆ 110 ಶರ್ಟ್ ಇಳಿಯುತ್ತಿದ್ದವು. ಆದರೆ ಇಳಿದ ಶರ್ಟ್ ಹೋಗಬೇಕಾದದ್ದು ನನ್ನ ಹಳೆಯ ಚಿಕ್ಕ ಕನ್ವೇಯರ್ ಡ್ರೈಯರಿಗೆ, ಅಂದರೆ ಶರ್ಟನ್ನು ಬೆಲ್ಟಿನ ಮೇಲೆ ಸಾಗಿಸಿ ಬಣ್ಣ ಬೇಯಿಸುವ ಯಂತ್ರಕ್ಕೆ. ನಾನು ಮಾಡದೆ ಬಿಟ್ಟ ಲೆಕ್ಕ ಇಲ್ಲಿದೆ. ಅದರ ಬಿಸಿ ಕೋಣೆಯ ಉದ್ದ 90 ಸೆಂಟಿಮೀಟರ್. ನನ್ನ ಬಣ್ಣದ ಪದರ ಪೂರ್ತಿ ಬೇಯಲು ಶರ್ಟ್ ಒಳಗೆ ಒಂದು ನಿಮಿಷ ಇರಬೇಕಿತ್ತು. ಅಂದರೆ ಬೆಲ್ಟ್ ನಿಮಿಷಕ್ಕೆ 90 ಸೆಂಟಿಮೀಟರಿಗಿಂತ ವೇಗವಾಗಿ ಓಡುವಂತಿಲ್ಲ. ಒಂದು ಶರ್ಟ್ ಬೆಲ್ಟಿನ ಮೇಲೆ 75 ಸೆಂಟಿಮೀಟರ್ ಜಾಗ ಹಿಡಿಯುತ್ತದೆ, ಪಕ್ಕದಲ್ಲಿ ಇನ್ನೊಂದು ಹಿಡಿಸುವುದಿಲ್ಲ. ಹಾಗಾಗಿ ಗಂಟೆಗೆ 72 ಶರ್ಟ್, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಟೇಪು ಹಿಡಿದು ಐದು ನಿಮಿಷ ಕೂತಿದ್ದರೆ ಇದು ಪ್ರೆಸ್ ಕೊಳ್ಳುವ ಮೊದಲೇ ತಿಳಿಯುತ್ತಿತ್ತು.

ತಿಳಿಯಲಿಲ್ಲ. ಮೊದಲ ಅರ್ಧ ಗಂಟೆಯಲ್ಲೇ ಡ್ರೈಯರಿನ ಬಾಯಲ್ಲಿ ಹಸಿ ಬಣ್ಣದ ಶರ್ಟುಗಳು ಸಾಲುಗಟ್ಟಿದವು, ಇಡಲು ಮೇಜು ಸಾಲದಾಯಿತು. ನಾನು ಬೆಲ್ಟಿನ ಗುಂಡಿ ತಿರುಗಿಸಿ ವೇಗವನ್ನು 140 ಸೆಂಟಿಮೀಟರಿಗೆ ಏರಿಸಿದೆ. ಸಾಲು ಕರಗಿತು. ಆದರೆ ಶರ್ಟ್ ಬಿಸಿಯಲ್ಲಿ ಇದ್ದದ್ದು ಬರೀ 39 ಸೆಕೆಂಡು.

ವೇಗ ಏರಿಸಿದ ಮೇಲೆ ಪರೀಕ್ಷಿಸಲೇ ಇಲ್ಲವೇ ಎಂದು ನೀವು ಕೇಳಬಹುದು. ಪರೀಕ್ಷಿಸಿದೆ, ತಪ್ಪು ಸಾಧನದಿಂದ. ಉಷ್ಣತೆ ಅಳೆಯುವ ಲೇಸರ್ ಗನ್ ಹಿಡಿದಾಗ 165 ಡಿಗ್ರಿ ತೋರಿಸಿತು, ನಾನು ಬಳಸುವ ಪ್ಲಾಸ್ಟಿಸಾಲ್ ಬಣ್ಣ ಬೇಯಲು ಸಾಮಾನ್ಯವಾಗಿ ಬೇಕಾದದ್ದು 160 ಡಿಗ್ರಿ ಸೆಲ್ಸಿಯಸ್, ಸಾಕು ಎಂದುಕೊಂಡೆ. ಗನ್ ಓದುವುದು ಮೇಲ್ಮೈಯನ್ನು ಮಾತ್ರ. ಮೂರು ಪದರದ ಬಣ್ಣದಲ್ಲಿ ಮೇಲಿನ ಕೆಂಪು ಬೆಂದಿರುತ್ತದೆ, ಬಟ್ಟೆಗೆ ಅಂಟಬೇಕಾದ ಕೆಳಗಿನ ಬಿಳಿ ಹಸಿಯಾಗಿಯೇ ಉಳಿದಿರುತ್ತದೆ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಕೈಗೆ ಹತ್ತುವುದಿಲ್ಲ. ಮುಂದೆ ಥರ್ಮೋಕಪಲ್ ಎಂಬ ಉಷ್ಣತೆ ಅಳೆಯುವ ತಂತಿಯನ್ನು ಬಣ್ಣದೊಳಗೆ ಒತ್ತಿ ಅದೇ ವೇಗದಲ್ಲಿ ಬಿಟ್ಟು ನೋಡಿದೆ: 138 ಡಿಗ್ರಿ.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತ್ತು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾಲ್ಕು ಪ್ಯಾಲೆಟ್ ಬಂದ ಮೇಲೆ ಎರಡನೆಯ ಫ್ಲ್ಯಾಶ್ ಬೇಕಾಯಿತು. ಅದನ್ನು ಡ್ರೈಯರ್ ಇದ್ದ ವಿದ್ಯುತ್ ಲೈನಿಗೇ ಸಿಕ್ಕಿಸಿದೆ. ಎರಡೂ ಫ್ಲ್ಯಾಶ್ ಹೊತ್ತಿದಾಗ ವೋಲ್ಟೇಜ್ ಕುಸಿಯುತ್ತಿತ್ತು. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ವೋಲ್ಟೇಜ್ ಶೇಕಡಾ 10 ಇಳಿದರೆ ಶಾಖ ಶೇಕಡಾ 19 ಇಳಿಯುತ್ತದೆ. ನನ್ನ ಡ್ರೈಯರಿನಲ್ಲಿ ಥರ್ಮೋಸ್ಟ್ಯಾಟ್ ಇಲ್ಲ, ಶಾಖದ ಪ್ರಮಾಣ ಹೊಂದಿಸುವ ಗುಂಡಿ ಮಾತ್ರ ಇದೆ, ಆದ್ದರಿಂದ ಅದು ತಾನಾಗಿ ಸರಿದೂಗಿಸಿಕೊಳ್ಳುವುದೂ ಇಲ್ಲ. ಬೆಳಿಗ್ಗೆ ಒಂದೇ ಶರ್ಟ್ ಬಿಟ್ಟು ನೋಡಿದಾಗ ಸರಿಯಾಗಿದ್ದ ಡ್ರೈಯರ್, ಸಾಲಾಗಿ ಶರ್ಟುಗಳು ಹೋಗತೊಡಗಿದಾಗ ಇನ್ನಷ್ಟು ತಣ್ಣಗಾಯಿತು. ಹತ್ತಿ ಬಟ್ಟೆಯಲ್ಲಿರುವ ತೇವ ಆವಿಯಾಗಲೂ ಶಾಖ ಬೇಕಲ್ಲ.

ಮಾಲು ಕೊಟ್ಟ ಒಂಬತ್ತನೆಯ ದಿನ ಗಿರಾಕಿಯ ಫೋನ್ ಬಂತು. ಅಕ್ಷರದ ಅಂಚು ಸಿಪ್ಪೆಯಂತೆ ಏಳುತ್ತಿದೆ ಎಂದರು. ಹೋಗಿ ನೋಡಿ ತಲೆ ತಗ್ಗಿಸಿದೆ. ಕೊಟ್ಟ ಮಾಲಿನಲ್ಲಿ ಇನ್ನೂ ಹಂಚದೆ ಉಳಿದಿದ್ದ 300 ಶರ್ಟುಗಳನ್ನು ವಾಪಸು ತಂದು ನಿಧಾನ ಬೆಲ್ಟಿನಲ್ಲಿ ಮತ್ತೊಮ್ಮೆ ಬೇಯಿಸಿದೆ. ಅವು ಉಳಿದವು, ಇಂದಿಗೂ ಚೆನ್ನಾಗಿವೆ. ಪ್ಲಾಸ್ಟಿಸಾಲ್ ಅರೆಬೆಂದಿದ್ದರೆ, ಒಗೆಯುವ ಮೊದಲು ಸಿಕ್ಕರೆ, ಹೀಗೆ ಕಾಪಾಡಬಹುದು. ಒಗೆದು ಬಿರುಕುಬಿಟ್ಟ 900 ಶರ್ಟುಗಳಿಗೆ ಹೊಸ ಬಟ್ಟೆ ಕೊಂಡು ಮರುಮುದ್ರಿಸಿ ಕೊಟ್ಟೆ. ನನ್ನನ್ನು ಇಂದಿಗೂ ಕಾಡುವುದು ಬೇರೆಯೇ ಒಂದು ಲೆಕ್ಕ. ಗಂಟೆಗೆ 72ರ ವೇಗದಲ್ಲೇ ಹೋಗಿದ್ದರೂ 1200 ಶರ್ಟ್ 17 ಗಂಟೆಗಳಲ್ಲಿ ಮುಗಿಯುತ್ತಿದ್ದವು. ನಾಲ್ಕು ದಿನಗಳಿದ್ದವು. ಬೆಲ್ಟನ್ನು ವೇಗವಾಗಿ ಓಡಿಸುವ ಅಗತ್ಯವೇ ಇರಲಿಲ್ಲ.

ಬಳಸಿದ ಪ್ರೆಸ್ ಬಗ್ಗೆಯೂ ಹೇಳಲೇಬೇಕು. ಮಾರಿದವರು ಸ್ಕ್ರೀನ್ (ವಿನ್ಯಾಸ ಮೂಡಿಸಿದ ಬಲೆಯ ಚೌಕಟ್ಟು) ಕೂರಿಸುವ ಒಂದು ತೋಳಿನಲ್ಲಿ, ಒಂದು ಪ್ಯಾಲೆಟ್ ಮೇಲೆ, ಒಂದು ಬಣ್ಣ ಮುದ್ರಿಸಿ ತೋರಿಸಿದರು. ಅಂಥ ಪ್ರದರ್ಶನದಿಂದ ಏನೂ ತಿಳಿಯದು. ಒಂದೇ ಪ್ಯಾಲೆಟ್ ಇದ್ದಾಗ ಪ್ರತಿ ಸ್ಕ್ರೀನಿಗೂ ಅದರೊಂದಿಗೆ ಮಾತ್ರ ಹೊಂದಾಣಿಕೆ, ಒಮ್ಮೆ ಕೂಡಿಸಿದರೆ ಆಯಿತು. ಮೂರು ಸ್ಕ್ರೀನು, ನಾಲ್ಕು ಪ್ಯಾಲೆಟ್ ಎಂದರೆ ಹನ್ನೆರಡು ಹೊಂದಾಣಿಕೆಗಳು. ನನ್ನ ಪ್ರೆಸ್‌ನ ಮೂರನೆಯ ಪ್ಯಾಲೆಟ್ಟಿನ ಹೊರ ಅಂಚು 2 ಮಿಲಿಮೀಟರ್ ತಗ್ಗಿತ್ತು. ಸ್ಕ್ರೀನಿಗೂ ಬಟ್ಟೆಗೂ ನಡುವೆ ನಾನು ಬಿಡುವ ಅಂತರವೇ ಹೆಚ್ಚುಕಡಿಮೆ ಅಷ್ಟು, ಹಾಗಾಗಿ ಪ್ರತಿ ನಾಲ್ಕನೆಯ ಶರ್ಟಿನಲ್ಲಿ ಕೆಂಪು ಗೆರೆ ಮಸುಕಾಗಿ ಪಕ್ಕಕ್ಕೆ ಸರಿಯುತ್ತಿತ್ತು. ತೋಳನ್ನು ಎಷ್ಟು ತಿರುಗಿಸಿದರೂ ಅದು ಸರಿಹೋಗದು, ಉಳಿದ ಮೂರು ಪ್ಯಾಲೆಟ್ ಕೆಡುತ್ತವೆ.

ನೋಡಲು ಹೋಗುವಾಗ ಸಣ್ಣ ಕೂಡುಗುರುತು ಇರುವ ಎರಡು ಸ್ಕ್ರೀನು ನೀವೇ ಒಯ್ಯಿರಿ. ಒಂದು ಬಣ್ಣವನ್ನು ನಾಲ್ಕೂ ಪ್ಯಾಲೆಟ್ಟಿನ ಮೇಲೆ ಎಳೆದು, ಎರಡನೆಯದನ್ನು ಅವುಗಳ ಮೇಲೆಯೇ ಎಳೆಯಿರಿ. ಗುರುತು ನಾಲ್ಕರಲ್ಲೂ ಕೂಡಬೇಕು. ತೋಳನ್ನು ಕೆಳಗಿಳಿಸಿ ತುದಿ ಹಿಡಿದು ಅಡ್ಡಕ್ಕೆ ಅಲುಗಾಡಿಸಿ, ಆಟ ಇದ್ದರೆ ಬೇರಿಂಗ್ ಸವೆದಿದೆ ಎಂದೇ ತಿಳಿಯಿರಿ. ಬೋಲ್ಟ್ ಬಿಗಿದರೆ ಸಾಕು ಎಂಬ ಮಾತನ್ನು ನಂಬಬೇಡಿ, ಅಲ್ಲೇ ಬಿಗಿದು ತೋರಿಸಲು ಹೇಳಿ. ಮರದ ಚೌಕಟ್ಟಿನ ಹಳೆಯ ಸ್ಕ್ರೀನುಗಳನ್ನೂ ದೊಡ್ಡ ಆರ್ಡರಿಗೆ ಇಳಿಸಬೇಡಿ. ತೊಳೆದೂ ತೊಳೆದೂ ಮರ ಸೊಟ್ಟಗಾಗಿರುತ್ತದೆ, ಮೆಶ್ (ಬಲೆ) ಸಡಿಲವಾಗಿರುತ್ತದೆ, ಐವತ್ತು ಶರ್ಟಿಗೆ ಕಾಣದ ದೋಷ ಮುನ್ನೂರನೆಯದರ ಹೊತ್ತಿಗೆ ಕಣ್ಣಿಗೆ ಹೊಡೆಯುತ್ತದೆ.

ಆ ಪ್ರೆಸ್ ಈಗಲೂ ನನ್ನ ಬಳಿ ಇದೆ. ಮೂರನೆಯ ಪ್ಯಾಲೆಟ್ಟಿನ ಅಡಿಗೆ ತಗಡು ಕೊಟ್ಟು ಮಟ್ಟ ಮಾಡಿಸಿದ್ದೇನೆ, ಡ್ರೈಯರಿಗೆ ಪ್ರತ್ಯೇಕ ಲೈನ್ ಎಳೆಸಿದ್ದೇನೆ. ಬೆಲ್ಟಿನ ಗುಂಡಿಯ ಮೇಲೆ 90ರ ಗುರುತಿಗೆ ಬಣ್ಣ ಹಚ್ಚಿದ್ದೇನೆ, ಅದನ್ನು ದಾಟಿಸಲು ಯಾರಿಗೂ ಅನುಮತಿಯಿಲ್ಲ. ಪ್ರತಿ ಐವತ್ತನೆಯ ಶರ್ಟ್ ತಣ್ಣಗಾದ ಮೇಲೆ ಮುದ್ರಣವನ್ನು ಎರಡೂ ಕೈಯಿಂದ ಎಳೆದು ನೋಡುತ್ತೇವೆ. ಬಿರುಕು ಕಂಡರೆ ಆ ಐವತ್ತೂ ಮತ್ತೆ ಡ್ರೈಯರಿಗೆ. ಹೊಸ ವಿನ್ಯಾಸವಾದರೆ ಮೊದಲ ಎರಡು ಶರ್ಟುಗಳನ್ನು ಬಿಸಿನೀರಿನಲ್ಲಿ ಐದು ಸಲ ಒಗೆದ ಮೇಲೆಯೇ ಉಳಿದವಕ್ಕೆ ಸ್ಕ್ವೀಜಿ (ಬಣ್ಣ ಎಳೆಯುವ ರಬ್ಬರ್ ಪಟ್ಟಿ) ಎತ್ತುತ್ತೇವೆ.