ಬ್ಯಾಕ್‌ಲ್ಯಾಶ್ ಅಂದರೆ ಏನೆಂದು ತೋರಿಸಿಕೊಟ್ಟ ಡಯಲ್ ಗೇಜ್: ಮಿಟುಟೊಯೊ 2046ಎಸ್

ನಾನು ತುಮಕೂರಿನ ಒಂದು ಐಟಿಐನಲ್ಲಿ ಟರ್ನರ್ ಟ್ರೇಡ್ ಕಲಿಸುತ್ತೇನೆ. ನಮ್ಮ ವರ್ಕ್‌ಶಾಪಿನಲ್ಲಿ ಆರು ಲೇತ್‌ಗಳಿವೆ, ಲೋಹದ ತುಂಡನ್ನು ತಿರುಗಿಸುತ್ತಾ ಕೆತ್ತುವ ಯಂತ್ರಗಳು. ಅದರಲ್ಲಿ ಎರಡು ನನಗಿಂತ ವಯಸ್ಸಿನಲ್ಲಿ ದೊಡ್ಡವು. ಈ ಡಯಲ್ ಗೇಜನ್ನು, ಅಂದರೆ ಕೂದಲೆಳೆಯಷ್ಟು ಸರಿದರೂ ಮುಳ್ಳು ತಿರುಗಿಸಿ ತೋರಿಸುವ ಅಳತೆ ಉಪಕರಣವನ್ನು, ಸ್ವಂತ ದುಡ್ಡು ಹಾಕಿ ತಗೊಂಡು ಒಂದೂವರೆ ವರ್ಷ ಆಯಿತು. ತಗೊಳ್ಳಲು ಕಾರಣ ಒಬ್ಬ ಹುಡುಗನ ಉತ್ತರಪತ್ರಿಕೆ.

ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದೆ. ಬ್ಯಾಕ್‌ಲ್ಯಾಶ್ ಎಂದರೇನು, ಅದನ್ನು ಹೇಗೆ ನಿಭಾಯಿಸುತ್ತೀರಿ? ಮಧುಗಿರಿ ಕಡೆಯ ಹುಡುಗ ಅಚ್ಚುಕಟ್ಟಾಗಿ ಬರೆದಿದ್ದ: 'ಬ್ಯಾಕ್‌ಲ್ಯಾಶ್ ಎಂದರೆ ಜನರ ತೀವ್ರ ವಿರೋಧ. ಮಾತುಕತೆಯಿಂದ ಅದನ್ನು ಸರಿಪಡಿಸಬೇಕು.' ಕರೆದು ಕೇಳಿದೆ. 'ಅರ್ಥ ಆಗ್ಲಿಲ್ಲ ಮೇಡಂ, ಮೊಬೈಲಲ್ಲಿ ಹುಡುಕ್ದೆ, ಹಂಗೇ ಇತ್ತು' ಅಂದ. ಅವನು ಓದದೆ ಬಂದವನಲ್ಲ. ಗೊತ್ತಿಲ್ಲದ ಇಂಗ್ಲಿಷ್ ಪದವನ್ನು ಹುಡುಕಿ, ಸಿಕ್ಕ ಅರ್ಥವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆ ಉತ್ತರಕ್ಕೆ ತಪ್ಪು ಎಂದು ಗೀಚಲು ನನಗೆ ಕೈ ಬರಲಿಲ್ಲ.

ಉಳಿದವರಲ್ಲಿ ಸುಮಾರು ಜನ 'ಬ್ಯಾಕ್ ಲಾಸ್' ಎಂದು ಬರೆದಿದ್ದರು. ಇದೂ ನನಗೆ ಹೊಸದಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಹಾಗೇ ಹೇಳುತ್ತಿದ್ದರು. ಎಷ್ಟೋ ವರ್ಷ ನಾನೂ ಅದನ್ನು ಲಾಸ್ ಅಂತಲೇ ತಿಳಿದಿದ್ದೆ. ಈಗ ಯೋಚಿಸಿದರೆ ಅವರ ಮಾತು ಸರಿಯಾದ ಜಾಗಕ್ಕೇ ಹೋಗಿತ್ತು ಅನ್ನಿಸುತ್ತದೆ. ಹ್ಯಾಂಡಲ್ ತಿರುಗುತ್ತದೆ, ಟೂಲ್ ಮುಂದೆ ಹೋಗುವುದಿಲ್ಲ. ಅಷ್ಟು ತಿರುಗಿಸಿದ್ದು ಲಾಸೇ ಅಲ್ವಾ? ಎಂಜಿನಿಯರಿಂಗ್ ಪುಸ್ತಕಗಳಲ್ಲೂ ಇದಕ್ಕೆ 'ಲಾಸ್ಟ್ ಮೋಶನ್' ಅನ್ನೋ ಇನ್ನೊಂದು ಹೆಸರಿದೆ. ಕಳೆದುಹೋದ ಚಲನೆ ಎಂದರ್ಥ.

ಲೇತ್ ಹತ್ತಿರ ನಿಲ್ಲದವರಿಗೆ ಎರಡು ಮಾತು. ಟೂಲನ್ನು ಒಳಗೆ ಹೊರಗೆ ಸರಿಸುವ ಲೇತಿನ ಕ್ರಾಸ್ ಸ್ಲೈಡ್ ಒಂದು ಉದ್ದನೆಯ ಸ್ಕ್ರೂ ಮೇಲೆ ಓಡಾಡುತ್ತದೆ. ಸ್ಕ್ರೂ ಮೇಲೆ ನಟ್ ಕೂತಿರುತ್ತದೆ. ಸ್ಕ್ರೂ ಹಲ್ಲಿಗೂ ನಟ್ಟಿನ ಹಲ್ಲಿಗೂ ನಡುವೆ ಸ್ವಲ್ಪ ಸಂದು ಇದ್ದೇ ಇರುತ್ತದೆ. ಒಂದೇ ದಿಕ್ಕಿಗೆ ತಿರುಗಿಸುವವರೆಗೆ ಆ ಸಂದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಹಲ್ಲುಗಳು ಒಂದು ಪಕ್ಕಕ್ಕೆ ಒತ್ತಿಕೊಂಡೇ ಇರುತ್ತವೆ. ದಿಕ್ಕು ಬದಲಿಸಿದಾಗ ಸ್ಕ್ರೂ ಹಲ್ಲು ಮೊದಲು ಆ ಸಂದನ್ನು ದಾಟಿ ಆಚೆ ಪಕ್ಕ ಮುಟ್ಟಬೇಕು. ಆಮೇಲೆ ಸ್ಲೈಡ್ ಕದಲುತ್ತದೆ. ಆ ಸಂದೇ ಬ್ಯಾಕ್‌ಲ್ಯಾಶ್.

ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಹುಡುಗರ ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣಿಸಲು ಡಯಲ್ ಗೇಜ್ ಬೇಕು. ನಮ್ಮಲ್ಲಿ ಒಂದು ಅಗ್ಗದ ಗೇಜ್ ಇತ್ತು. ಯಾವ ಕಂಪನಿಯದು ಅನ್ನೋದು ಇಲ್ಲಿ ಬೇಡ. ತಂದ ಮೂರೇ ತಿಂಗಳಿಗೆ ಅದರ ಮುಳ್ಳು ಸೊನ್ನೆಗೆ ವಾಪಸ್ ಬರುವುದನ್ನು ಬಿಟ್ಟಿತ್ತು. ಬೆರಳಲ್ಲಿ ತಟ್ಟಿದರೆ ಎರಡು ಗೀಟು ಜಾರುತ್ತಿತ್ತು. ಅಂದರೆ ಅದರ ಒಳಗಿನ ಹಲ್ಲುಗಳೇ ಸಡಿಲ. ಸ್ವತಃ ಬ್ಯಾಕ್‌ಲ್ಯಾಶ್ ಇರುವ ಗೇಜ್ ಇಟ್ಟುಕೊಂಡು ಬ್ಯಾಕ್‌ಲ್ಯಾಶ್ ಅಳೆಯುವುದು ಹೇಗೆ?

ಆ ಶನಿವಾರವೇ ಬೆಂಗಳೂರಿಗೆ ಹೋಗಿ ಎಸ್‌.ಜೆ.ಪಿ. ರಸ್ತೆಯಲ್ಲಿ ಈ 2046ಎಸ್ ತಗೊಂಡೆ. ಮ್ಯಾಗ್ನೆಟಿಕ್ ಸ್ಟ್ಯಾಂಡ್ ಬಿಟ್ಟು ನಾಲ್ಕು ಸಾವಿರದ ಆಸುಪಾಸು ಆಯಿತು. ಮಿಟುಟೊಯೊ ಜಪಾನಿನ ಕಂಪನಿ. 1934ರಲ್ಲಿ ಯೆಹಾನ್ ನುಮಾತ ಮೈಕ್ರೋಮೀಟರ್ ಮಾಡಲು ಶುರು ಮಾಡಿದ್ದು. ಅಳತೆ ಉಪಕರಣ ಅಂದರೆ ವರ್ಕ್‌ಶಾಪುಗಳಲ್ಲಿ ಮೊದಲು ಬಾಯಿಗೆ ಬರುವ ಹೆಸರು ಇವತ್ತಿಗೂ ಇದೇ.

ಈ ಗೇಜ್ ಒಟ್ಟು 10 ಮಿಲಿಮೀಟರ್ ಅಳೆಯುತ್ತದೆ. ಒಂದು ಗೀಟು 0.01 ಮಿಮೀ. ದೊಡ್ಡ ಮುಳ್ಳು ಒಂದು ಸುತ್ತು ಹಾಕಿದರೆ 1 ಮಿಮೀ, ಎಷ್ಟು ಸುತ್ತು ಆಯಿತು ಅನ್ನುವುದನ್ನು ಚಿಕ್ಕ ಮುಳ್ಳು ಲೆಕ್ಕ ಇಡುತ್ತದೆ. ಸ್ಟ್ಯಾಂಡಿಗೆ ಸಿಕ್ಕಿಸುವ ಸ್ಟೆಮ್ 8 ಮಿಮೀ ದಪ್ಪ, ಹಾಗಾಗಿ ಮಾಮೂಲಿ ಸ್ಟ್ಯಾಂಡಿಗೆ ಸಲೀಸಾಗಿ ಕೂರುತ್ತದೆ. ಬ್ಯಾಟರಿ ಇಲ್ಲ. ನಮ್ಮಂಥ ಕಡೆ ಇದು ದೊಡ್ಡ ಅನುಕೂಲ.

ನನಗೆ ಇದರಲ್ಲಿ ಬಹಳ ಇಷ್ಟವಾದ ಭಾಗ ಹೊರಗೆ ಕಾಣುವುದಿಲ್ಲ. ಅಳೆಯುವ ವಸ್ತುವಿಗೆ ತಾಗಿ ಮೇಲೆ ಕೆಳಗೆ ಸರಿಯುವ ಕಡ್ಡಿಗೆ ಪ್ಲಂಜರ್ ಅನ್ನುತ್ತಾರೆ, ಅದರ ಪಕ್ಕದಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಅದು ಮೇಲೆ ಸರಿದರೆ ಒಂದು ಪುಟ್ಟ ಗೇರ್ ತಿರುಗುತ್ತದೆ, ಅದು ಇನ್ನೊಂದನ್ನು ತಿರುಗಿಸುತ್ತದೆ, ಕೊನೆಗೆ ಮುಳ್ಳು ತಿರುಗುತ್ತದೆ. ಇಷ್ಟು ಗೇರ್ ಇದ್ದ ಮೇಲೆ ಇಲ್ಲೂ ಸಂದು ಇರಲೇಬೇಕಲ್ಲ? ಇದೆ. ಆದರೆ ಕೊನೆಯ ಗೇರಿಗೆ ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗ್ ಕೂರಿಸಿರುತ್ತಾರೆ. ಅದು ಹಲ್ಲುಗಳನ್ನು ಸದಾ ಒಂದೇ ಪಕ್ಕಕ್ಕೆ ಒತ್ತಿ ಹಿಡಿದಿರುತ್ತದೆ. ಮುಳ್ಳು ಮುಂದೆ ಹೋಗಲಿ, ಹಿಂದೆ ಬರಲಿ, ಹಲ್ಲು ಆ ಪಕ್ಕವನ್ನು ಬಿಡುವುದಿಲ್ಲ. ಗಡಿಯಾರ ಮಾಡುವವರ ಕೈಚಳಕ ಇದರಲ್ಲಿ ಕಾಣುತ್ತದೆ. ಡಯಲ್ ಗೇಜಿಗೆ 1883ರಲ್ಲಿ ಪೇಟೆಂಟ್ ಅರ್ಜಿ ಹಾಕಿದ ಜಾನ್ ಲೋಗನ್ ಕೂಡ ಅಮೆರಿಕದ ವಾಲ್ಥಂ ಊರಿನವರು. ಅದು ಗಡಿಯಾರ ತಯಾರಿಕೆಗೆ ಹೆಸರಾಗಿದ್ದ ಊರು.

ಸ್ಲಿಪ್ ಗೇಜ್, ಅಂದರೆ ನಿಖರ ಅಳತೆಯ ಉಕ್ಕಿನ ತುಂಡು ಇಟ್ಟು ಪರೀಕ್ಷೆ ಮಾಡಿದೆ. ಮೇಲಿನಿಂದ ಇಳಿಸಿದಾಗ, ಕೆಳಗಿನಿಂದ ಏರಿಸಿದಾಗ, ಎರಡೂ ಸಲ ಮುಳ್ಳು ಒಂದೇ ಕಡೆ ನಿಂತಿತು. ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಒಂದೂವರೆ ವರ್ಷ ಹುಡುಗರ ಕೈಯಲ್ಲಿ ಓಡಾಡಿದ ಮೇಲೆ ಮೊನ್ನೆ ಮತ್ತೆ ನೋಡಿದೆ, ಹಾಗೇ ಇದೆ.

ಸೋಮವಾರ ಆ ಹುಡುಗನನ್ನೇ ಹಳೆಯ ಲೇತಿನ ಮುಂದೆ ನಿಲ್ಲಿಸಿದೆ. ಸ್ಟ್ಯಾಂಡನ್ನು ಬೆಡ್ ಮೇಲೆ ಕೂರಿಸಿ, ಪ್ಲಂಜರ್ ತುದಿಯನ್ನು ಟೂಲ್ ಪೋಸ್ಟಿಗೆ ತಾಗಿಸಿ, ಸ್ಲೈಡನ್ನು ಹೊತ್ತಿರುವ ಕ್ಯಾರೇಜ್ ಲಾಕ್ ಮಾಡಿದೆವು. ಸ್ಲೈಡನ್ನು ಸ್ವಲ್ಪ ಒಳಗೆ ತಂದು ಗೇಜನ್ನು ಸೊನ್ನೆ ಮಾಡಿದೆವು. ಆ ಸ್ಕ್ರೂ ಒಂದು ಸುತ್ತಿಗೆ 5 ಮಿಮೀ ಹೋಗುತ್ತದೆ. ಹ್ಯಾಂಡಲಿನ ಕಾಲರ್ ಮೇಲೆ 100 ಗೀಟು. ಅಂದರೆ ಒಂದು ಗೀಟಿಗೆ 0.05 ಮಿಮೀ. ಈಗ ಹಿಂದಕ್ಕೆ ತಿರುಗಿಸು, ಒಂದೊಂದೇ ಗೀಟು, ಜೋರಾಗಿ ಎಣಿಸು ಅಂದೆ. ಒಂದು, ಎರಡು, ಮೂರು. ಏಳಕ್ಕೆ ಬಂದಾಗ ನನ್ನ ಮುಖ ನೋಡಿದ. 'ಕೈ ತಿರುಗ್ತಿದೆ, ಮುಳ್ಳು ಅಲ್ಲಾಡ್ತಾನೇ ಇಲ್ಲ ಮೇಡಂ.' ಹದಿಮೂರು ಗೀಟು ಆದ ಮೇಲೆ ಮುಳ್ಳು ಕದಲಿತು. 0.65 ಮಿಮೀ. ಪಕ್ಕದ ಹೊಸ ಲೇತಿನಲ್ಲಿ ಮೂರೇ ಗೀಟು, 0.15. ಕ್ಲಾಸಿನಲ್ಲಿ ಒಬ್ಬ ಹೇಳಿದ, 'ಹಲ್ಲು ಆಡ್ತಿದೆ'. ನನಗೆ ತುಂಬಾ ಖುಷಿಯಾಯಿತು. ಬಾಯಲ್ಲಿ ಹಲ್ಲು ಸಡಿಲವಾದರೆ ನಾವು ಹೇಳುವುದೂ ಅದನ್ನೇ. ಚಕ್ರ ಆಡುತ್ತಿದೆ, ಸ್ಟೀರಿಂಗ್ ಆಡುತ್ತಿದೆ ಅನ್ನುತ್ತೇವೆ. ಇಂಗ್ಲಿಷಿನಲ್ಲೂ ಇದಕ್ಕೆ 'ಪ್ಲೇ' ಅನ್ನುತ್ತಾರೆ. ಆ ದಿನದಿಂದ ನಮ್ಮ ವರ್ಕ್‌ಶಾಪಿನಲ್ಲಿ ಬ್ಯಾಕ್‌ಲ್ಯಾಶಿಗೆ 'ಹಲ್ಲಿನ ಆಟ' ಅಂತಲೇ ಹೆಸರು.

ಆಗ ಆ ಹುಡುಗ ಕೇಳಿದ, 'ಮತ್ತೆ ಜನರ ವಿರೋಧಕ್ಕೂ ಇದಕ್ಕೂ ಏನು ಸಂಬಂಧ?'

ಪ್ರಶ್ನೆ ಚೆನ್ನಾಗಿತ್ತು. ನಾನು ಅವತ್ತು ಅರ್ಧ ಉತ್ತರ ಹೇಳಿದೆ, ಉಳಿದರ್ಧ ಆಮೇಲೆ ಓದಿ ಹೇಳಿದೆ. 'ಲ್ಯಾಶ್' ಅಂದರೆ ಚಾಟಿ ಏಟು. ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಸಂದು ಸುಮ್ನೆ ದಾಟಿಹೋಗುತ್ತದೆ. ಜೋರು ಬಿದ್ದಾಗ ಹಲ್ಲು ಹಲ್ಲಿಗೆ ಹೋಗಿ ಬಡಿಯುತ್ತದೆ. ಗೂಡ್ಸ್ ಗಾಡಿ ಹೊರಡುವಾಗ ಟಣ್ ಟಣ್ ಟಣ್ ಎಂದು ಮೊದಲ ಬೋಗಿಯಿಂದ ಕೊನೆಯ ಬೋಗಿವರೆಗೆ ಸದ್ದು ಓಡುತ್ತದಲ್ಲ, ಅದೂ ಕೊಂಡಿಗಳ ಸಂದು ಒಂದೊಂದಾಗಿ ತುಂಬುವ ಸದ್ದೇ. ನಾನು ಅಪ್ರೆಂಟಿಸ್ ಆಗಿದ್ದಾಗ ಒಂದು ಕಾರ್ಖಾನೆಯ ಮಿಲ್ಲಿಂಗ್ ಮೆಷಿನಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೆ. ಕಟರ್ ತಿರುಗುವ ದಿಕ್ಕಿಗೇ ಟೇಬಲ್ ಸರಿಸುತ್ತಿದ್ದರು. ಸ್ಕ್ರೂನಲ್ಲಿ ಆಟ ಇತ್ತು. ಕಟರ್ ಜಾಬನ್ನು, ಅಂದರೆ ಟೇಬಲಿಗೆ ಕಟ್ಟಿದ ತುಂಡನ್ನು ಹಿಡಿದು ತನ್ನ ಕಡೆ ಒಮ್ಮೆಲೇ ಎಳೆದುಕೊಂಡಿತು. ಕಟರಿನ ಎರಡು ಹಲ್ಲು ಮುರಿದು ಹಾರಿದವು. ಪದದೊಳಗಿನ ಚಾಟಿ ಅದು.

ರಾಜಕೀಯದ ಅರ್ಥ ಈ ಬಡಿತದಿಂದ ಹುಟ್ಟಿದ್ದು. ಅಮೆರಿಕದಲ್ಲಿ 1960ರ ದಶಕದಲ್ಲಿ ಕಪ್ಪು ಜನ ಸಮಾನ ಹಕ್ಕಿಗೆ ಹೋರಾಡಿದರು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಇದರ ವಿರುದ್ಧ ಬಿಳಿಯರಲ್ಲಿ ಒಂದು ಭಾಗ ತಿರುಗಿಬಿತ್ತು. ಅದನ್ನು ಅಲ್ಲಿಯ ಪತ್ರಿಕೆಗಳು 'ವೈಟ್ ಬ್ಯಾಕ್‌ಲ್ಯಾಶ್' ಎಂದು ಕರೆದವು. ಪದ ಮನೆಮನೆಗೆ ತಲುಪಿದ್ದು ಆ ವರ್ಷಗಳಲ್ಲಿ. ಹೋರಾಟಗಾರರು ಅತಿ ಮಾಡಿದ್ದರಿಂದಲೇ ಇದು ಹುಟ್ಟಿತು ಎಂದು ಹೇಳುವವರು ಆಗ ಬಹಳ ಇದ್ದರು. 1967ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತಾ ಮಾರ್ಟಿನ್ ಲೂಥರ್ ಕಿಂಗ್ ಇದನ್ನು ಒಪ್ಪಲಿಲ್ಲ. ಬಿಳಿಯರ ಬ್ಯಾಕ್‌ಲ್ಯಾಶ್ ಅನ್ನುವುದು ಹಳೆಯ ಸಂಗತಿಗೆ ಇಟ್ಟ ಹೊಸ ಹೆಸರು, ಈಗಿನ ಘೋಷಣೆ ಗಲಭೆಗಳಿಂದ ಹುಟ್ಟಿದ್ದಲ್ಲ ಎಂಬ ಅರ್ಥದಲ್ಲಿ ಹೇಳಿದರು.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗೇಜ್ ತೋರಿಸಿದ್ದೂ ಇದನ್ನೇ ಅಲ್ವಾ? ಆ ಹದಿಮೂರು ಗೀಟಿನ ಸಂದನ್ನು ಹುಡುಗ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದಾಗ ಮಾಡಲಿಲ್ಲ. ವರ್ಷಗಟ್ಟಲೆ ಸವೆದು ಸವೆದು ಅದು ಅಲ್ಲೇ ಇತ್ತು. ದಿಕ್ಕು ಬದಲಾದಾಗ ಕಾಣಿಸಿತು, ಅಷ್ಟೇ. ಈಗ ಪೇಪರಿನಲ್ಲಿ ಯಾವುದೋ ಸುಧಾರಣೆಗೆ ಬ್ಯಾಕ್‌ಲ್ಯಾಶ್ ಬಂತು ಎಂದು ಓದಿದರೆ, ಈ ಸಂದು ಎಷ್ಟು ವರ್ಷದ್ದು ಎಂದು ನನ್ನ ಮನಸ್ಸು ಮೊದಲು ಕೇಳುತ್ತದೆ. ಕನ್ನಡದಲ್ಲಿ ಇದಕ್ಕೆ 'ಆಕ್ರೋಶ', 'ತಿರುಗೇಟು' ಎಂದೆಲ್ಲ ಬರೆಯುವುದನ್ನು ನೋಡಿದ್ದೇನೆ. ತಿರುಗೇಟಿನಲ್ಲಿ ತಿರುಗುವುದೂ ಇದೆ, ಏಟೂ ಇದೆ. ಆದರೆ ಸಂದು ಇಲ್ಲ. ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ.

ಗೇಜಿನ ವಿಷಯಕ್ಕೆ ವಾಪಸ್ ಬರುತ್ತೇನೆ. ಅಳೆದ ಮೇಲೆ ಸುಮ್ಮನಿರಲು ಆಗಲಿಲ್ಲ. ಹಳೆಯ ಲೇತಿನ ನಟ್ ಬಿಚ್ಚಿದೆವು, ಹಲ್ಲು ಚೂಪಾಗಿ ಸವೆದಿತ್ತು. ಗನ್‌ಮೆಟಲ್ (ಒಂದು ಬಗೆಯ ಕಂಚು) ತುಂಡು ತರಿಸಿ ಹೊಸ ನಟ್ ಮಾಡಿದೆವು. ಹೊರಗಿನ ಕೆಲಸ ಹುಡುಗರದ್ದು, ಒಳಗಿನ ಥ್ರೆಡ್ ನನ್ನದು. ಎರಡು ಭಾಗದ ನಟ್ ಮಾಡಿ, ನಡುವೆ ಬಿಗಿ ಮಾಡಲು ಸ್ಕ್ರೂ ಇಟ್ಟೆವು. ಹುಡುಗರಿಗೆ ಹುಮ್ಮಸ್ಸು ಬಂದು, ಪೂರ್ತಿ ಸೊನ್ನೆ ಮಾಡೋಣ ಎಂದು ಬಿಗಿದೇ ಬಿಗಿದರು. ಗೇಜ್ ಸೊನ್ನೆ ತೋರಿಸಿತು. ಆದರೆ ಹ್ಯಾಂಡಲ್ ತಿರುಗಿಸಲು ಎರಡು ಕೈ ಬೇಕಾಯಿತು. ಹಲ್ಲುಗಳ ನಡುವೆ ಎಣ್ಣೆಗೆ ಜಾಗ ಬೇಕು, ಬಿಸಿಯಾದರೆ ಹಿಗ್ಗಲು ಜಾಗ ಬೇಕು. ಗೇರುಗಳಿಗೂ ಅದಕ್ಕೇ ಬೇಕೆಂದೇ ಸ್ವಲ್ಪ ಬ್ಯಾಕ್‌ಲ್ಯಾಶ್ ಬಿಡುತ್ತಾರೆ. ಮುಳ್ಳು ನೋಡುತ್ತಾ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆವು. 0.08ಕ್ಕೆ ಬಂದಾಗ ಹ್ಯಾಂಡಲ್ ಒಂದೇ ಕೈಗೆ ಹಗುರವಾಗಿ ತಿರುಗಿತು. ಈ ಗೇಜ್ ಇಲ್ಲದಿದ್ದರೆ ಆ ಜಾಗ ಹಿಡಿಯಲು ಆಗುತ್ತಿರಲಿಲ್ಲ.

ನಟ್ ಬದಲಿಸಲು ಆಗದವರಿಗೆ ಹಳೆಯ ದಾರಿ ಇದ್ದೇ ಇದೆ. ಅಳತೆ ದಾಟಿ ಒಳಗೆ ಹೋದರೆ ಅಷ್ಟನ್ನೇ ಹಿಂದೆ ತಿರುಗಿಸಬೇಡಿ. ಒಂದು ಪೂರ್ತಿ ಸುತ್ತು ಹಿಂದೆ ಬಂದು, ಮತ್ತೆ ಒಳಗೆ ಬನ್ನಿ. ಯಾವಾಗಲೂ ಒಂದೇ ದಿಕ್ಕಿನಿಂದ ಗೀಟಿಗೆ ತಲುಪಿ.

ಕೊಳ್ಳುವವರಿಗೆ ಕೆಲವು ಮಾತು. ಸ್ಟ್ಯಾಂಡಿಗೆ ಜಿಪುಣತನ ಮಾಡಬೇಡಿ. ಸ್ಟ್ಯಾಂಡ್ ಬಾಗಿದರೆ ಎಂಥ ಗೇಜೂ ಸುಳ್ಳು ಹೇಳುತ್ತದೆ. ಪ್ಲಂಜರಿಗೆ ಎಣ್ಣೆ ಹಾಕಬೇಡಿ, ಧೂಳು ಹಿಡಿದು ಅಂಟುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ. ಪ್ಲಂಜರ್ ಜಾತಿಯ ಗೇಜ್ ಸಣ್ಣ ರಂಧ್ರದ ಒಳಗೆ ಹೋಗುವುದಿಲ್ಲ, ಬೋರ್ ಕೆಲಸ ಜಾಸ್ತಿ ಇದ್ದರೆ ಲಿವರ್ ಜಾತಿಯದು ತಗೊಳ್ಳಿ. ಪ್ಲಂಜರ್ ನೇರವಾಗಿ ತಾಗಬೇಕು, ಓರೆಯಾದರೆ ಅಳತೆ ತಪ್ಪುತ್ತದೆ. ಬಿಲ್ ಕೊಡುವ ಡೀಲರ್ ಹತ್ತಿರವೇ ತಗೊಳ್ಳಿ. ಬೆಲೆ ಜಾಸ್ತಿ ಅನ್ನಿಸಬಹುದು. ನಾನು ಇನ್ನೊಂದು ಕೊಳ್ಳಬೇಕಾದರೂ ಇದನ್ನೇ ಕೊಳ್ಳುತ್ತೇನೆ.

ಮೂರು ತಿಂಗಳಿಗೊಮ್ಮೆ ಆರೂ ಲೇತ್ ಅಳೆದು ಅದರ ತಲೆಭಾಗವಾದ ಹೆಡ್‌ಸ್ಟಾಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಪದ್ಧತಿ ಶುರುವಾಗಿದೆ. ಮಧುಗಿರಿಯ ಹುಡುಗ ಈಗ ಪೀಣ್ಯದಲ್ಲಿ ಅಪ್ರೆಂಟಿಸ್. ಅವನು ಹಳೆಯ ಲೇತಿನ ಮೇಲೆ ಕೊನೆಯದಾಗಿ ಬರೆದದ್ದು ಹೀಗಿತ್ತು: ಹಲ್ಲಿನ ಆಟ 0.09. ಅದರ ಕೆಳಗೆ ಮೊನ್ನೆ ಹೊಸ ಬ್ಯಾಚಿನ ಹುಡುಗಿ ಬರೆದಿದ್ದಾಳೆ, 0.10.