ಮಿಡಾಜೋಲಮ್ ಮೂಗಿನ ಸ್ಪ್ರೇ: ಔಷಧ ಒಳ್ಳೆಯದು, ಬಾಟಲಿ ನೋಡಿ ಕೊಳ್ಳಿ

ಸರಿಯಾಗಿ ಆರಿಸಿದ ಎರಡು ಔಷಧ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಕ್ಕೆ ಬಗ್ಗದ ಅಪಸ್ಮಾರ. ಜನರಲೈಸ್ಡ್ ಬಗೆಯಲ್ಲಿ, ಅಂದರೆ ಫಿಟ್ಸ್ ಮಿದುಳಿನ ಎರಡೂ ಬದಿಯಲ್ಲಿ ಒಟ್ಟಿಗೆ ಶುರುವಾಗುವಲ್ಲಿ, ಮಿದುಳಿನ ಒಂದು ಜಾಗವನ್ನು ಗುರುತಿಸಿ ಆಪರೇಷನ್ ಮಾಡುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಅಂಥವರ ಮನೆಯಲ್ಲಿ, ಬಂದ ಫಿಟ್ಸನ್ನು ನಿಲ್ಲಿಸಲು ಮೂಗಿಗೆ ಹಾಕುವ ಈ ಮಿಡಾಜೋಲಮ್ ಸ್ಪ್ರೇ ಇರಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದು ನಿತ್ಯದ ಮಾತ್ರೆಗೆ ಬದಲಿಯಲ್ಲ. ಕೈಕಾಲು ಸೆಳೆತ 5 ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಒಂದು ಬಂದರೆ, ವೈದ್ಯರು ಬರೆದುಕೊಟ್ಟಂತೆ ಬಳಸುವಂಥದ್ದು. 5 ನಿಮಿಷ ದಾಟಿದ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ. ಕೈಗೆ ಬೀಗದ ಕೀ ಕೊಡುವುದು, ಈರುಳ್ಳಿ ಮೂಸಿಸುವುದರಲ್ಲಿ ಕಳೆಯುವ ಸಮಯ ಅದಲ್ಲ.

ಫಿಟ್ಸ್ ನಿಲ್ಲಿಸಲು ಗುದದ್ವಾರದಲ್ಲಿ ಹಾಕುವ ಡಯಾಜೆಪಾಮ್ ಔಷಧಕ್ಕಿಂತ ಇದು ಎಷ್ಟೋ ಮೇಲು. ಬಸ್ಸಿನಲ್ಲಾಗಲಿ, ಶಾಲೆಯಲ್ಲಾಗಲಿ, ಬೆಳೆದ ಮಕ್ಕಳಿಗೆ ಬಟ್ಟೆ ಬಿಚ್ಚಿಸದೆ ಕೊಡಬಹುದು.

ತೊಂದರೆ ಇರುವುದು ಅಳತೆಯಲ್ಲಿ. ನಮ್ಮಲ್ಲಿ ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುವ ಬಾಟಲಿಯೂ ಇದೆ, 1.25 ಬರುವುದೂ ಇದೆ. ಸಾಮಾನ್ಯ ಲೆಕ್ಕ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ಒಟ್ಟು 10 ಮೀರದಂತೆ. 20 ಕಿಲೋ ಮಗುವಿಗೆ 4 ಮಿಲಿಗ್ರಾಂ, ಅಂದರೆ 0.5ರ ಬಾಟಲಿಯಲ್ಲಿ 8 ಒತ್ತು, ಹೊಳ್ಳೆಗೆ ನಾಲ್ಕರಂತೆ. ಅಂಗಡಿಯವರು 1.25ರದ್ದು ಕೊಟ್ಟು, ಮನೆಯವರು ಅದೇ 8 ಒತ್ತಿದರೆ ಮಗುವಿಗೆ 10 ಮಿಲಿಗ್ರಾಂ ಹೋಗುತ್ತದೆ, ಉಸಿರಾಟ ಕುಗ್ಗಬಹುದು. ಹಾಗಾಗಿ ಚೀಟಿಯಲ್ಲಿ ಒತ್ತುಗಳ ಸಂಖ್ಯೆಯೊಂದೇ ಸಾಲದು, ಮಿಲಿಗ್ರಾಮನ್ನೂ ಬರೆಸಿಕೊಳ್ಳಿ. ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿಡಿ. ಇನ್ನು 50 ಕಿಲೋ ತೂಕದವರಿಗೆ 0.5ರ ಬಾಟಲಿ ಪ್ರಯೋಜನವಿಲ್ಲ: 20 ಸಲ ಒತ್ತಬೇಕು, ಅರ್ಧ ಔಷಧ ಗಂಟಲಿಗೇ ಇಳಿದೀತು. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆದ ಸಾಧನದಲ್ಲಿ ಒಂದೇ ಒತ್ತಿಗೆ 5 ಮಿಲಿಗ್ರಾಂ. ಅಂಥ ಸರಳತೆ ಇಲ್ಲಿನ ಮನೆಗಳಿಗೂ ಸಿಗಬೇಕು.

ಪಂಪ್ ಹೊಸದಾಗಿದ್ದಾಗ ಮೊದಲ ಕೆಲವು ಒತ್ತುಗಳಲ್ಲಿ ಬರೀ ಗಾಳಿ ಬರುತ್ತದೆ. ನುಣ್ಣನೆಯ ತುಂತುರು ಕಾಣುವವರೆಗೆ ಗಾಳಿಗೆ ಒತ್ತಿ, ಆಮೇಲೆ ಎಣಿಕೆ ಶುರುಮಾಡಿ. ವಾರಗಟ್ಟಲೆ ಮುಟ್ಟದಿದ್ದರೂ ಹೀಗೇ. ರೋಗಿಯನ್ನು ಮಗ್ಗುಲಾಗಿ ಮಲಗಿಸಿದಾಗ ಬಾಟಲಿಯೂ ಅಡ್ಡವಾದರೆ ಒಳಗಿನ ಕೊಳವೆ ಔಷಧ ಎಳೆಯದು. ಒಂದು ಕೈಯಲ್ಲಿ ತಲೆ ತುಸು ಎತ್ತಿ, ಬಾಟಲಿಯನ್ನು ನೆಟ್ಟಗೆ ಹಿಡಿದು, ಜೋರಾಗಿ ಎಣಿಸುತ್ತಾ ಒತ್ತಿ. ಮೂಗು ಕಟ್ಟಿದ್ದರೆ ಔಷಧ ಹಿಡಿಯುವುದು ಕಡಿಮೆ. ನೆಗಡಿಯ ದಿನಗಳಿಗೆ ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಡಿ.

ಕೊಟ್ಟ ಮೇಲೆ ಮಗ್ಗುಲಾಗಿಯೇ ಇರಿಸಿ, ಎದೆ ಏರಿಳಿಯುವುದನ್ನು ನೋಡುತ್ತಿರಿ. ಫಿಟ್ಸ್‌ಗೆ ನಿತ್ಯ ಕ್ಲೋಬಜಾಮ್ ಅಥವಾ ಫಿನೋಬಾರ್ಬಿಟಾನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಂಪರು ಹೆಚ್ಚು. ಎರಡನೇ ಡೋಸ್ ಚೀಟಿಯಲ್ಲಿದ್ದರೆ ಮಾತ್ರ. ಸೆಳೆತ ನಿಲ್ಲದಿದ್ದರೆ ಅಥವಾ ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ.

ಸ್ಪ್ರೇ ಪದೇಪದೇ ಬೇಕಾಗುತ್ತಿದೆಯೇ? ಆಗ ಮಾತ್ರೆಗಳ ಪಟ್ಟಿ ಹಿಡಿದು ನರರೋಗ ತಜ್ಞರ ಬಳಿ ಹೋಗಿ. ಹರೆಯದಲ್ಲಿ ಶುರುವಾಗುವ ಮಯೋಕ್ಲೋನಿಕ್ (ಕೈಕಾಲು ಥಟ್ಟನೆ ಬೆಚ್ಚುವ) ಅಪಸ್ಮಾರದಲ್ಲಿ ಕಾರ್ಬಮಜೆಪೀನ್, ಫೆನಿಟಾಯಿನ್ ಎಂಬ ಫಿಟ್ಸ್ ಮಾತ್ರೆಗಳು ಬೆಳಗಿನ ಬೆಚ್ಚುವಿಕೆಯನ್ನು ಹೆಚ್ಚಿಸಬಲ್ಲವು. ಬಗ್ಗದ ಕಾಯಿಲೆ ಎನ್ನಿಸಿಕೊಂಡಿದ್ದು ಔಷಧ ಬದಲಿಸಿದಾಗ ಹತೋಟಿಗೆ ಬರುವುದುಂಟು. ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ.